ಎಡಗಡೆ ಕನ್ನಡ, ಬಲಗಡೆ ಬಾಳಬೋಧ

ವಲಾಂಡಿ
ರವಿವಾರ, 14 ಡಿಸೆಂಬರ್ 1958

ಪ್ರೀತಿಯ ಸುಮನಕ್ಕಾ,

ನಿನ್ನ ತಮ್ಮನ ನಮಸ್ಕಾರಗಳು. ಮೊಣಕಾಲ ನೋವು ಈಗ ಹೇಗಿದೆ? ಚಳಿ ಹೆಚ್ಚಾದ ಮೇಲೆ ನೀನು ಬಾವಿಗೆ ಹೋಗಬಾರದು ಎಂದು ಹೋದ ಸಲವೇ ಬರೆದಿದ್ದೆ, ಕೇಳಿರಲಿಕ್ಕಿಲ್ಲ. ಸೂರ್ಯಕಾಂತ ಮಾಮಾ ಅವರ ಕೆಮ್ಮು ಇಳಿದಿದೆಯೇ? ಇಲ್ಲಿ ಅವ್ವ ಆರೋಗ್ಯವಾಗಿದ್ದಾಳೆ. ಜ್ವರವಿಲ್ಲ, ಊಟ ಬಿಟ್ಟಿಲ್ಲ. ಮುಂದಿನದನ್ನು ಓದಿ ನೀನು ಗಾಬರಿಯಾಗಬಾರದೆಂದು ಇದನ್ನು ಮೊದಲೇ ಬರೆಯುತ್ತಿದ್ದೇನೆ.

ಅವ್ವ ಹಾಡುವುದನ್ನು ನಿಲ್ಲಿಸಿದ್ದಾಳೆ. ಹೋದ ಸೋಮವಾರ ಮಠದ ಭಜನೆಯಿಂದ ನಡುವೆಯೇ ಎದ್ದು ಬಂದಳು. ಆಮೇಲೆ ಬೀಸುವಾಗಲೂ ಒಂದು ಸಾಲು ಹೇಳಿಲ್ಲ. ಇದನ್ನು ನನಗೆ ತಿಳಿಸಿದವಳು ಪಕ್ಕದ ಮನೆಯ ಕಸ್ತೂರಬಾಯಿ. ಅವ್ವ ಬೀಸುವ ಹೊತ್ತಿಗೆ ನಾನು ಕೆರೆಯ ಕಡೆ ಹೋಗಿರುತ್ತೇನೆ, ನನಗೆ ಗೊತ್ತಾಗಿರಲಿಲ್ಲ. "ಮಾಸ್ತರ್, ನಿಮ್ಮ ಮನಿ ಬೀಸೋ ಕಲ್ಲ ಬರೇ ಕಲ್ಲಾಗ್ಯದ ನೋಡ್ರಿ," ಎಂದು ಅವಳು ಗೋಡೆಯ ಮೇಲಿಂದ ಹೇಳಿದಳು. ಅದಕ್ಕೆ ಕಾರಣ ನಾನು ಎಂಬುದನ್ನು ಅವಳು ಹೇಳಲಿಲ್ಲ, ಆದರೆ ಊರಿಗೆಲ್ಲ ಗೊತ್ತಿದೆ.

ಆದದ್ದನ್ನು ಆದಂತೆ ಬರೆಯುತ್ತೇನೆ. ನಮ್ಮೂರು ಮುಂಬಯಿ ರಾಜ್ಯಕ್ಕೆ, ನಿಮ್ಮ ಭಾಲ್ಕಿ ಮೈಸೂರಿಗೆ ಸೇರಿ ಎರಡು ವರ್ಷವಾಯಿತು. ನನ್ನ ಶಾಲೆಯಲ್ಲಿ ಈಗ ಎಲ್ಲವೂ ಮರಾಠಿ. ಮನೆಯಲ್ಲಿ ಕನ್ನಡವೇ ಆಡುವ ಹುಡುಗರು ಮರಾಠಿಯ ಬಾಳಬೋಧ ಅಕ್ಷರ ಬಿಟ್ಟರೆ ಬೇರೇನೂ ಓದಲಾರರು. ಹಿರಿಯರಲ್ಲಿ ಓದು ಬಂದ ನಾಲ್ಕಾರು ಜನರಿಗೆ ಕನ್ನಡ ಬಿಟ್ಟರೆ ಹಳೆಯ ಉರ್ದು. ಸೋಮವಾರದ ಭಜನೆಗೆ ಹನ್ನೆರಡು ಜನ ಬಂದರೆ ಹೆಚ್ಚು. ಅವ್ವ ಒಂದು ಸಾಲು ಹೇಳಬೇಕು, ಉಳಿದವರು ಎತ್ತಿಕೊಳ್ಳಬೇಕು, ಇದು ನಿನಗೆ ಗೊತ್ತಿದ್ದದ್ದೇ. ತರುಣರಿಗೆ ಅಷ್ಟು ತಾಳ್ಮೆಯಿಲ್ಲ. ದಿನಪತ್ರಿಕೆಯಲ್ಲಿ ಒಂದರ ಪಕ್ಕ ಒಂದು ಕಾಲಂ ಇರುವುದನ್ನು ನೋಡುತ್ತ ಒಂದು ದಿನ ನನಗೆ ಹೊಳೆಯಿತು. ಒಂದು ಹಾಡಿಗೆ ಒಂದು ಮಾದರಪಾಟ ಬಟ್ಟೆ, ಶಾಲೆಯ ನಕ್ಷೆಯಂತೆ ಮೇಲೊಂದು ಕೋಲು, ಕೆಳಗೊಂದು ಕೋಲು. ಎಡಗಡೆ ಕನ್ನಡ ಅಕ್ಷರ, ಬಲಗಡೆ ಬಾಳಬೋಧ. ಎರಡೂ ಕಡೆ ಮಾತು ಕನ್ನಡವೇ, ಸಾಲಿಗೆ ಸಾಲು ಸರಿಹೊಂದುವಂತೆ.

ದೀಪಾವಳಿ ರಜೆಯಲ್ಲಿ ಹನ್ನೊಂದು ಬಟ್ಟೆ ಬರೆದೆ. ಮಠದ ಕಂಬಕ್ಕೆ ಮೊಳೆ ಹೊಡೆದು ತೂಗುಹಾಕಿದಾಗ ಭಜನೆಯ ಮಲ್ಲಣ್ಣ, "ಮಾಸ್ತರ್, ನಿಮ್ಮ ಶಿವಾ ಎಡಕ್ಕ ಓದತಾನೋ ಬಲಕ್ಕ ಓದತಾನೋ?" ಎಂದು ಎಲ್ಲರನ್ನೂ ನಗಿಸಿದ. ಆದರೆ ಮೂರನೆಯ ಸೋಮವಾರಕ್ಕೆ ಎಣಿಸಿದೆ, ನಲವತ್ತೊಂದು ಜನ. ಯಾರೂ ಹೇಳದೆಯೇ ಹಿರಿಯರು ಎಡಕ್ಕೆ, ತರುಣರು ಬಲಕ್ಕೆ ಕೂತರು. ಒಂದೇ ಸಲಕ್ಕೆ ಎಲ್ಲರ ಬಾಯಿ ಎದ್ದಾಗ ಮಠದ ಮಾಡು ಹಾರಿಹೋಗುತ್ತದೇನೋ ಅನಿಸಿತು. ನನಗೆ ಬಹಳ ಹೆಮ್ಮೆಯಾಯಿತು. ಅವ್ವನ ಕಡೆ ನಾನು ನೋಡಲೇ ಇಲ್ಲ.

ನೋಡಿದ್ದರೆ ತಿಳಿಯುತ್ತಿತ್ತು. ಅವಳು ಹೇಳಿಕೊಡುವುದಕ್ಕೆ ಮೊದಲೇ ಎಲ್ಲರೂ ಬಟ್ಟೆ ನೋಡಿ ಹೊರಟುಬಿಡುತ್ತಿದ್ದರು. ಅವಳ ರೀತಿ ನಿನಗೆ ನೆನಪಿದೆಯಲ್ಲ? ಕುರಿ ಕಾದು ದಣಿದ ಭೀಮಶಾ ತೂಕಡಿಸಿದರೆ, "ಭೀಮಶಾ ಮಲಗ್ಯಾನ, ಶಿವನೇ ನೀನೇ ಎಬ್ಬಸೋ" ಎಂದು ಹಾಡಿನ ನಡುವೆಯೇ ಸೇರಿಸುವಳು. ಎಲ್ಲರೂ ಅದನ್ನೂ ಭಕ್ತಿಯಿಂದ ಎತ್ತಿಕೊಳ್ಳುತ್ತಿದ್ದರು, ಭೀಮಶಾ ಕೂಡ. ಬಸುರಿ ಬಂದು ಕೂತರೆ ಅವಳಿಗೊಂದು ಸಾಲು, ಹೊಸ ಎತ್ತು ತಂದವನಿಗೊಂದು ಸಾಲು. ಬಟ್ಟೆಯಲ್ಲಿ ಅವಕ್ಕೆ ಜಾಗವಿರಲಿಲ್ಲ. ಒಮ್ಮೆ ಹಾಗೆ ಸೇರಿಸಿದಾಗ ಬಲಗಡೆಯಿಂದ ಒಬ್ಬ, "ರಂಭಾಕಾಕು ಚುಕ್ಯಾಳ!" ಎಂದ. ಮೂವತ್ತು ವರ್ಷ ಮುಂದೆ ನಿಂತು ಹಾಡಿದವಳನ್ನು ತಪ್ಪಿದಳು ಎಂದವರು ಅದುವರೆಗೆ ಯಾರೂ ಇರಲಿಲ್ಲ. ಅವ್ವ ನಕ್ಕಳು. ನಾನೂ ನಕ್ಕೆ.

ಇನ್ನೊಂದು ತಪ್ಪು ಇದಕ್ಕಿಂತ ಹಳೆಯದು. ಹಾಡುಗಳನ್ನು ಅವಳ ಬಾಯಿಂದ ಬರೆದುಕೊಳ್ಳುವಾಗ "ಯಾಕೋ, ಈಗ್ಯಾಕ ಬೇಕು?" ಎಂದು ಕೇಳಿದಳು. ಮಠದಲ್ಲಿ ತೂಗುಹಾಕಲು ಎಂದಿದ್ದರೆ ಒಪ್ಪುತ್ತಿರಲಿಲ್ಲ. "ಅಕ್ಕಗ ಕಳಸಾಕ," ಎಂದೆ. ಅವಳಿಗೆ ಎಷ್ಟು ಸಂತೋಷವಾಯಿತೆಂದರೆ ರೊಟ್ಟಿ ಬಡಿಯುವುದನ್ನು ಬಿಟ್ಟು, ಕೈಯಲ್ಲಿ ಹಿಟ್ಟು ಇರುವಂತೆಯೇ ಬಂದು ಕೂತು, "ಆಕೀಗಿ ಅಂದ್ರ ಪೂರಾ ಬರಿ. ಒಂದ ಅಕ್ಷರ ಬಿಡಬ್ಯಾಡ," ಎಂದಳು. ಹನ್ನೊಂದೂ ಹಾಡು ಹೇಳಿದಳು. ನಿನಗೆ ಇಲ್ಲಿಯವರೆಗೆ ಒಂದನ್ನೂ ಕಳಿಸಿಲ್ಲ. ಇದರೊಂದಿಗೆ ಹತ್ತನ್ನು ಇಟ್ಟಿದ್ದೇನೆ.

ಸೋಮವಾರದ ಸಂಗತಿ ಇಷ್ಟು. ಕಡೆಯ ಹಾಡು ಬಂತು, ಬಟ್ಟೆ ನೋಡಿ ಅದನ್ನು ಹಾಡಿದ್ದು ಅದೇ ಮೊದಲು. ಬಟ್ಟೆಯಲ್ಲಿ ಇದ್ದ ಒಂದು ಮಾತನ್ನು ಅವ್ವ ಬೇರೆ ಮಾಡಿ ಹೇಳಿದಳು. ಬಲಗಡೆಯವರು ಬಟ್ಟೆಯಲ್ಲಿ ಇದ್ದುದನ್ನೇ ಹಾಡಿದರು. ಗೊಂದಲವಾಯಿತು. ನನ್ನ ಕೈಯಲ್ಲಿ ಶಾಲೆಯ ಬೆತ್ತವಿತ್ತು, ಸಾಲು ತೋರಿಸಲು ತಂದಿದ್ದೆ. ಅದರಿಂದ ಆ ಮಾತನ್ನು ಎರಡು ಸಲ ಕುಟ್ಟಿ, "ಅವ್ವಾ, ಇಲ್ಲಿ ಹಂಗಿಲ್ಲ ನೋಡು," ಎಂದೆ. ಓದಲು ಬಾರದ ತಾಯಿಗೆ, ನಲವತ್ತು ಜನರ ಎದುರಿಗೆ. ಅವಳು ಕೈಯಲ್ಲಿದ್ದ ತಾಳವನ್ನು ನೆಲದ ಮೇಲೆ ಸದ್ದಾಗದಂತೆ ಇಟ್ಟು, ಸೆರಗು ಹೊದ್ದು ನಡೆದಳು. ಹಾಡು ನಿಲ್ಲಲಿಲ್ಲ. ಬಟ್ಟೆ ಇತ್ತಲ್ಲ, ಕೊನೆಯವರೆಗೂ ಹಾಡಿದರು. ನಾನೂ ಬೆತ್ತ ಹಿಡಿದುಕೊಂಡು ಹಾಡು ಮುಗಿಯುವವರೆಗೆ ಅಲ್ಲಿಯೇ ನಿಂತಿದ್ದೆ.

ಮನೆಗೆ ಬಂದು ಕಾಲು ಮುಟ್ಟಿದೆ. "ಏಳು, ಊಟ ಮಾಡು," ಎಂದಳು ಅಷ್ಟೇ. ಮಲ್ಲಣ್ಣ ಬಂದು, "ಕಾಕೂ, ನೀ ಇಲ್ಲದ ಭಜನಿ ಅಂದ್ರ ಸಾಲಿ ಪಾಠ ಆಗತದ," ಎಂದು ನಾಳೆಯ ಭಜನೆಗೆ ಕರೆದ. ಒಪ್ಪಲಿಲ್ಲ. ಬಟ್ಟೆಗಳನ್ನೆಲ್ಲ ತೆಗೆದುಬಿಡುತ್ತೇನೆ ಎಂದು ತರುಣರಿಗೆ ಹೇಳಿದರೆ, "ಅದು ಇಲ್ಲದ ನಾವು ಹ್ಯಾಂಗ ಹಾಡಬೇಕ್ರಿ?" ಎನ್ನುತ್ತಾರೆ. ಅವರು ಹೇಳುವುದೂ ಸುಳ್ಳಲ್ಲ. ಬಟ್ಟೆ ಬರೆದದ್ದು ತಪ್ಪೆಂದು ನನಗೆ ಇಂದಿಗೂ ಖಾತ್ರಿಯಿಲ್ಲ. ಬರೆದ ರೀತಿ ತಪ್ಪು, ಬೆತ್ತ ತಪ್ಪು, ಅದರಲ್ಲಿ ಸಂಶಯವಿಲ್ಲ.

ಮಾಮಾ ಅವರಿಗೆ ನಮಸ್ಕಾರ, ಮಕ್ಕಳಿಗೆ ಮುದ್ದು. ಅವ್ವನ ಆಶೀರ್ವಾದವನ್ನು ಅವಳನ್ನು ಕೇಳದೆಯೇ ಬರೆಯುತ್ತಿದ್ದೇನೆ. ನಿನಗೆ ಅದು ಯಾವಾಗಲೂ ಇದ್ದೇ ಇದೆ.

ನಿನ್ನ ತಮ್ಮ,
ವೀರಭದ್ರ

ತಾ.ಕ.: ಲಕೋಟೆ ಅಂಟಿಸುವ ಮೊದಲು ಪತ್ರವನ್ನು ಮತ್ತೆ ಬಿಚ್ಚಿ ಇದನ್ನು ಸೇರಿಸುತ್ತಿದ್ದೇನೆ. ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. ಕಡೆಯ ಹಾಡು ತೀರಿಹೋದವರದ್ದು. ಅದರಲ್ಲಿ ಯಾರ ಹೆಸರನ್ನೂ ಹೇಳಬಾರದು, "ಕೂಸು" ಎಂದಷ್ಟೇ ಹಾಡಬೇಕು, ಪ್ರತಿಯೊಬ್ಬರೂ ತಮ್ಮ ತಮ್ಮವರನ್ನು ನೆನೆಯಬೇಕು, ಇದು ಊರ ಪದ್ಧತಿ. ಆದರೆ ನಿನಗೆಂದು ಹೇಳಿಕೊಟ್ಟಾಗ ಅವ್ವ ಹೀಗೆ ಹೇಳಿದ್ದಳು:

ಮುಳ್ಳಿನ ದಾರ್ಯಾಗ ಮೆಲ್ಲಕ ನಡಿ, ಶೇವಂತಿ,
ಕಲ್ಲ ತಗದಾನ ನಮ್ಮ ಶಿವ, ನಿನ ಪಾದ
ಅಲ್ಲೇ ತೊಳದಾನ ಹಳ್ಳಾಗ.

ನಿನ್ನ ಶೇವಂತಿಯೇ ಅಕ್ಕಾ. ಪೊಲೀಸ್ ಕಾರ್ಯಾಚರಣೆಗೆ ಮುಂಚೆ ನೀವು ನಿಜಾಮನ ಗಡಿ ದಾಟಿ ನಿರಾಶ್ರಿತರ ಛಾವಣಿಯಲ್ಲಿದ್ದಾಗ ಜ್ವರದಿಂದ ಹೋದ ಕೂಸು. ಆ ಹೆಸರು ಯಾರ ಬಾಯಲ್ಲೂ ಬರಬಾರದೆಂದು ನೀನು ಅವ್ವನಿಂದ ಮಾತು ತೆಗೆದುಕೊಂಡದ್ದು ನನಗೆ ಗೊತ್ತಿತ್ತು. ಹಾಡಿನಲ್ಲಿಟ್ಟು ಕಳಿಸಿದರೆ ನೀನು ಒಬ್ಬಳೇ ಕೂತು ಹೇಳಿಕೊಳ್ಳಬಹುದೆಂದು ಅವ್ವ ಬಗೆದಿದ್ದಳು. ಬಟ್ಟೆಗೆ ಇಳಿಸುವಾಗ ನನ್ನ ಕುಂಚ ಆ ಹೆಸರಿನ ಹತ್ತಿರ ನಿಂತಿತು. ಹೇಳಿಕೊಟ್ಟದ್ದನ್ನು ತಿದ್ದಬಾರದು ಎಂದುಕೊಂಡು ಎರಡೂ ಅಕ್ಷರದಲ್ಲಿ ಬರೆದೆ. ಸೋಮವಾರ ಅವ್ವ ಪದ್ಧತಿಯಂತೆ "ಕೂಸು" ಎಂದಾಗ ನಾನು ಬೆತ್ತದಿಂದ ಕುಟ್ಟಿ ತೋರಿಸಿದ್ದು ಆ ಹೆಸರನ್ನೇ.

ಆ ಬಟ್ಟೆಯನ್ನು ಮರುದಿನವೇ ಒಲೆಗೆ ಹಾಕಿದೆ. ಪ್ರಯೋಜನವಾಗಲಿಲ್ಲ. ನಿನ್ನೆ ಕಾಂತಾಬಾಯಿಯ ಮಗಳು ನೀರು ಸೇದುತ್ತ ಅದನ್ನೇ ಹಾಡುತ್ತಿದ್ದಳು, ಹೆಸರು ಸಹಿತ. ಇಲ್ಲಿಂದ ನಿಮ್ಮ ಕಡೆಗೆ ಬರುವವರು ಬಹಳ ಜನ. ಬೇರೆಯವರ ಬಾಯಿಂದ ನೀನು ಕೇಳಬಾರದು. ಅವ್ವ, "ನಾನೇ ಹೋಗಿ ಹೇಳತೀನಿ. ನೀ ಬರೀಬ್ಯಾಡ, ನಿನ್ನ ಬರಿಯೋದು ಸಾಕು," ಎಂದಿದ್ದಾಳೆ. ಆ ಮಾತನ್ನೂ ಮೀರಿ ಬರೆದಿದ್ದೇನೆ, ಅವಳು ಬರುವ ಹೊತ್ತಿಗೆ ನಿನ್ನ ಸಿಟ್ಟು ನನ್ನ ಮೇಲಿರಲಿ, ಅವಳ ಮೇಲೆ ಬೇಡ ಎಂದು. ಗುರುವಾರ, ಇಪ್ಪತ್ತೈದನೇ ತಾರೀಖು, ಅವ್ವ ಉದಗೀರದಲ್ಲಿ ಬೆಳಗಿನ ಗಾಡಿ ಹತ್ತುತ್ತಾಳೆ. ಭಾಲ್ಕಿ ಸ್ಟೇಷನ್ನಿಗೆ ಬಂಡಿ ಕಳಿಸಬೇಕು.