ಮಗಳ ಲಿಂಕ್ ಬಂದಾಗ

ರೀ,

ಅಡುಗೆ ಆಗಿದೆ, ಬಿಸಿ ಮಾಡಿಕೊಳ್ಳಿ. ನಾನು ಅಕ್ಕನ ಜೊತೆ ದೊಡ್ಡಾಸ್ಪತ್ರೆಗೆ ಹೊರಟಿದ್ದೇನೆ.

ಎದೆಯ ಗಂಟು ಕ್ಯಾನ್ಸರೇ ಎಂದು ನಿನ್ನೆ ನಮ್ಮ ಡಾಕ್ಟರಮ್ಮ ಹೇಳಿದರು. ಶ್ವಾಸಕೋಶಕ್ಕೂ ಹರಡಿದೆಯಂತೆ. ನಿಮ್ಮ ಮುಖ ನೋಡಿ ಹೇಳಲು ಬಾಯಿ ಬರಲಿಲ್ಲ.

“ಎದೆ ಪರೀಕ್ಷೆ ಮಾಡಿಸಿಕೊಳ್ಳಿ ಅಂತ ವರ್ಷ ವರ್ಷ ಲಿಂಕ್ ಕಳಿಸಿದ್ದೀವಲ್ಲಮ್ಮಾ, ಮಾಡಿಸಿ ಆಯ್ತು ಅಂತ ಉತ್ತರಾನೂ ಬಂದಿದೆ” ಎಂದು ಕಂಪ್ಯೂಟರ್ ತಿರುಗಿಸಿ ತೋರಿಸಿದರು. ಮನೆಯವರೆಲ್ಲರ ಹೆಸರಿಗೂ ಅಲ್ಲಿ ನಿಮ್ಮ ನಂಬರನ್ನೇ ಕೊಟ್ಟಿದ್ದೆವು. “ಈ ಡಾಕ್ಟರಮ್ಮ ಚೆನ್ನಾಗಿರೋರನ್ನೂ ಬಿಡಲ್ಲ ಕಣೇ” ಎಂದು ನಗುತ್ತಾ ನೀವು ಫೋನಿನಲ್ಲಿ ಏನೋ ಒತ್ತುತ್ತಿದ್ದುದು ನೆನಪಾಯಿತು. ನಾನೂ ನಗುತ್ತಿದ್ದೆ. ಏನು ಒತ್ತಿದಿರಿ ಎಂದು ಒಮ್ಮೆಯೂ ಕೇಳಲಿಲ್ಲ.

ಈಗ ಜಗಳವಾಡಲು ಶಕ್ತಿಯಿಲ್ಲ, ಆಡಿ ಪ್ರಯೋಜನವೂ ಇಲ್ಲ. ಬಿ.ಪಿ. ಮಾತ್ರೆ ನಿಮ್ಮ ತಟ್ಟೆಯ ಪಕ್ಕದಲ್ಲೇ ಇದೆ, ಇವತ್ತಾದರೂ ಮರೆಯಬೇಡಿ.

ಮುಂದೆ ಮಗಳ ಹೆಸರಿಗೂ ಆ ಲಿಂಕ್ ಬರುತ್ತದೆ. ನೀವು ಏನೂ ಒತ್ತದೆ ಫೋನನ್ನು ಅವಳ ಕೈಗೆ ಕೊಡಿ. ತಾಯಿಗೆ ಈ ಕಾಯಿಲೆ ಇತ್ತೇ ಎಂದು ಅದರಲ್ಲಿ ಕೇಳಿರುತ್ತಾರೆ. ಅವಳ ಪಕ್ಕದಲ್ಲಿ ಕೂತು ಹೇಳಲು ಆಗ ನಾನಿರುವುದಿಲ್ಲ. ಹೌದು ಎಂದು ಒತ್ತಲು ನೀವೇ ಹೇಳಿ.