ಮೀಟರು ನನ್ನನ್ನೇ ಅಳೆಯಿತು

ಶನಿವಾರ, ಜುಲೈ ೧೩, ರಾತ್ರಿ

ಸೋಮವಾರ ಭಾವಮೈದ ಸೇಮಿಸಿಯ ದೋಣಿ ಹವಳದ ದಿಬ್ಬ ದಾಟಿ ದೂರ ಹೋಗಬೇಕು, ಆದರೆ ಇಂಜಿನ್ ಸ್ಟಾರ್ಟ್ ಆಗ್ತಿಲ್ಲ. ನಾಳೆ ಭಾನುವಾರ, ನಮ್ಮ ಟೊಂಗಾ ದೇಶದಲ್ಲಿ ಅವತ್ತು ದುಡಿಯೋದು ಕಾನೂನಿಗೇ ವಿರುದ್ಧ, ಯಾರೂ ಸ್ಪ್ಯಾನರ್ ಮುಟ್ಟೋ ಹಾಗಿಲ್ಲ. ಅದಕ್ಕೇ ಆಕ್ಟೋಪಸ್ ಹಿಡಿದು ಬಂದ ಉಪ್ಪುಗೈಯಲ್ಲೇ ಇಂಜಿನ್ನಿಗೆ ಕಿಡಿ ಕೊಡೋ ತಂತಿ ಸುರುಳಿ, ಅಂದರೆ ಕಾಯಿಲ್, ಬಿಚ್ಚಿ ತಂದೆ. ವೈರು ಬಿಚ್ಚದೆ ಅಳೆಯೋ ದಡ್ಡ ನಾನಲ್ಲ. ಮೀಟರಿನ ಎರಡೂ ಮೊನೆಗಳನ್ನು ಕಾಯಿಲಿನ ತುದಿಗಳಿಗೆ ಬೆರಳಿಂದ ಒತ್ತಿ ಹಿಡಿದೆ; ಒಳಗಿನ ತಂತಿ ಕಡಿಯದಿದ್ದರೆ ಮೀಟರಲ್ಲಿ ಸಂಖ್ಯೆ ಬರಬೇಕು. ಸಂಖ್ಯೆ ಬಂತು.

"ಕಾಯಿಲ್ ಗಟ್ಟಿಮುಟ್ಟಾಗಿದೆ! ಈ ದ್ವೀಪದಲ್ಲಿ ನನ್ನಂಥ ಮೆಕ್ಯಾನಿಕ್ ಇನ್ಯಾರಿದ್ದಾನೆ?" ಅಂದೆ.

"ರೀ ಮೆಕ್ಯಾನಿಕ್ಕು, ಬೆರಳು ತೆಗೆದು ಅಳೀರಿ. ಅದರಲ್ಲಿ ಹೋಗೋನು ನನ್ನ ತಮ್ಮ," ಅಂದಳು ನನ್ನ ಹೆಂಡತಿ ಅನಸೇನಿ.

ಕೈ ಒರೆಸಿ, ಕಾಯಿಲನ್ನು ಹಲಗೆ ಮೇಲಿಟ್ಟು, ಪ್ಲಾಸ್ಟಿಕ್ ಹಿಡಿ ಮಾತ್ರ ಹಿಡಿದು ಅಳೆದೆ. ಸಂಖ್ಯೆ ಮಾಯ! ಕಾಯಿಲಿನ ತಂತಿ ಒಳಗೇ ಕಡಿದಿತ್ತು. ಅಷ್ಟು ಹೊತ್ತು ಮೀಟರು ಅಳೆದದ್ದು ಒದ್ದೆ ಉಪ್ಪುಗೈ ಮೂಲಕ ಕರೆಂಟು ಹರಿದ ನನ್ನ ಮೈಯನ್ನು.

ಮೂಲೆಯಲ್ಲಿ ಬಿದ್ದಿದ್ದ ಇನ್ನೊಂದು ಹಳೇ ಇಂಜಿನ್ನಿನ ಕಾಯಿಲ್ ಹಾಕಿದೆ, ದೋಣಿ ಗುಡುಗುಡು ಅಂತು. ಆದರೂ ನನಗೆ ನಿದ್ದೆ ಇಲ್ಲ. ಊಟ ಆದಮೇಲೆ ಒಂದು ಮೊನೆ ಅವಳಿಗೆ ಕೊಟ್ಟು, ಇನ್ನೊಂದು ನಾನು ಹಿಡಿದು, ಅವಳ ಕೈ ಹಿಡಿದೆ. ಸಂಖ್ಯೆ ಬಂತು. ಬಿಟ್ಟರೆ ಹೋಯಿತು. ಹಿಡಿದರೆ ಮತ್ತೆ ಬಂತು. ಇಷ್ಟು ವರ್ಷ ಈ ಕೈ ಹಿಡಿದಿದ್ದೇನೆ, ನಮ್ಮಿಬ್ಬರೊಳಗೆ ಹೀಗೆ ಕರೆಂಟು ಹರಿಯುತ್ತೆ ಅಂತ ಒಂದು ದಿನವೂ ಗೊತ್ತಾಗಿರಲಿಲ್ಲ.