ಡಾಯ್ಲ್ ಅಂಗಡಿಯ ಸಣ್ಣ ಪಿಸ್ತೂಲು

ಸೆಪ್ಟೆಂಬರ್ 3, ಬೆಳಿಗ್ಗೆ

ಶೂ ಹಾಕಿದೆ. ಗಡಿಯಾರ ಕಟ್ಟಿದೆ. ಪಿಸ್ತೂಲು ಸೊಂಟಕ್ಕೆ ಸಿಕ್ಕಿಸಿ ಮೇಲೆ ಅಂಗಿ ಇಳಿಬಿಟ್ಟೆ. ಮೂವತ್ತೊಂದು ವರ್ಷದಿಂದ ಇದೇ ಕ್ರಮ. ಇವತ್ತು ಬಲಸೊಂಟ ಚಳಕ್ ಅಂತು... ಮಂಚದ ಮೇಲೆ ಹಾಗೇ ಕೂತುಬಿಟ್ಟೆ.

ಭಾರ ಇಳಿಸಿ ಅಂತ ಡಾಕ್ಟರಮ್ಮ ಹೋದ ವಾರವೇ ಹೇಳಿದ್ದಳು. ಹೊಟ್ಟೆ ಇಳಿಸೋದಕ್ಕಿಂತ ಪಿಸ್ತೂಲು ಇಳಿಸೋದು ಸುಲಭ. ಹಳೇದು ಪೂರ್ತಿ ಉಕ್ಕಿನದು, ಇಟ್ಟಿಗೆ ಹೊತ್ತ ಹಾಗೆ. ಚಿಕ್ಕದು, ಚಪ್ಪಟೆ, ಅಂಗಿ ಕೆಳಗೆ ಉಬ್ಬದಂಥದ್ದು ಬೇಕು.

ಓಪಲ್ ಅಡುಗೆಮನೆಯಿಂದಲೇ, "ಮಜ್ಜಿಗೆ ತರೋಕೆ ಹೋಗ್ತಿದ್ದೀಯೋ, ದಂಡಯಾತ್ರೆಗೋ?" ಅಂದಳು. ಮದುವೆಯಾಗಿ ನಲವತ್ತನಾಲ್ಕು ವರ್ಷ. ಪಿಸ್ತೂಲು ಕಟ್ಟೋಕೆ ಶುರು ಮಾಡಿದಾಗಿಂದ ಆ ಮಾತು ಒಂದು ದಿನವೂ ತಪ್ಪಿಸಿಲ್ಲ ಪುಣ್ಯಾತ್ಗಿತ್ತಿ.

ಅವಳಿಗೇನು ಗೊತ್ತು. ಜಮೀನು ಸರ್ವೇ ಮಾಡೋನನ್ನ ಈ ಟೆನೆಸೀ ಗುಡ್ಡಗಳಲ್ಲಿ ಯಾರೂ ಪ್ರೀತಿಯಿಂದ ನೋಡಲ್ಲ. ಗಡಿಗಲ್ಲು ಎರಡಡಿ ಆಚೆ ಅಂದ್ರೆ ಸಾಕು, ನಾಯಿ ಬಿಡ್ತಾರೆ. ಆದ್ರೂ ಮನುಷ್ಯರ ಮೇಲೆ ಒಂದೇ ಒಂದು ಸಲವೂ ತೆಗೆದಿಲ್ಲ. ನನ್ನ ಹೆಮ್ಮೆ ಏನಾದ್ರೂ ಇದ್ರೆ ಅದೊಂದೇ.

ಸೆಪ್ಟೆಂಬರ್ 5

ಡಾಯ್ಲ್ ಅಂಗಡಿ. ಬಂದೂಕು ಒಂದು ಕಡೆ, ಗಾಳ-ದಾರ ಇನ್ನೊಂದು ಕಡೆ, ನಡುವೆ ಯಾವತ್ತೂ ಆರದ ಕಾಫಿ. ಒಂದನೇ ಕ್ಲಾಸಿಂದ ಜೊತೆಗಿರೋನು. ಗಾಜಿನ ಕೌಂಟರ್ ಮೇಲೆ ಹಸಿರು ಬಟ್ಟೆ ಹಾಸಿ ಮೂರು ಇಟ್ಟ.

ಒಂದು ತೀರಾ ಪುಟಾಣಿ, ಅಂಗೈಯಲ್ಲೇ ಮಾಯ. ನನಗೆ ಅದೇ ಇಷ್ಟ ಆಯ್ತು. "ಹಿಡಿಯೋಕೆ ಚೆಂದ ಕಣೋ, ಹೊಡೆದಾಗ ಹೇಸರಗತ್ತೆ ಒದ್ದ ಹಾಗಿರತ್ತೆ. ಚಿಕ್ಕದಾದಷ್ಟೂ ಒದೆ ಜಾಸ್ತಿ," ಅಂದ. ಎರಡನೇದು ಐದು ಗುಂಡಿನ ರಿವಾಲ್ವರ್. ಎಂದೂ ಕೈಕೊಡಲ್ಲವಂತೆ. ಆದ್ರೆ ಟ್ರಿಗರ್ ಬಿಗಿ, ನನ್ನ ಬೆರಳು ನಡುಗ್ತು. ಮೂರನೇದು ನೈನ್ ಎಂಎಂ, ಚಪ್ಪಟೆ, ಕಿರುಬೆರಳಿಗೂ ಜಾಗ ಇದೆ.

ಅದನ್ನ ಹಿಡ್ಕೊಂಡು ಕಿಟಕಿ ಆಚೆ ನೋಡ್ತಿದ್ದೆ. ಹಳ್ಳದ ಮೇಲೆ ಮಂಜು. ಮಂಜಿನೊಳಗೆ ಅಪ್ಪ ಜಮೀನು ಅಳೆಯೋ ಸರಪಳಿಯ ಆ ತುದಿ ಹಿಡಿದು ನಿಂತ ಹಾಗೆ... ಬಿಗಿಯಾಗಿ ಎಳೆಯೋ, ಬಿಗಿಯಾಗಿ, ಅಂತಿದ್ದ. ಹಿತವಾಗಿತ್ತು. ಹಳ್ಳದ ನೀರು ಕಾಲಿಗೆ ತಣ್ಣಗೆ ತಾಕ್ತಿತ್ತು.

"ಎಲ್ಡನ್, ಎಲ್ಲಿಗೆ ಹೋಗಿದ್ದೆ ಮಾರಾಯ?"

ಕಾಫಿ ಆರಿಹೋಗಿತ್ತು. ಎಷ್ಟು ಹೊತ್ತಾಗಿತ್ತೋ.

ಸೆಪ್ಟೆಂಬರ್ 9

ಡಾಯ್ಲ್ ಹಿತ್ತಲ ಕೆಮ್ಮಣ್ಣು ದಿಬ್ಬ. ಅವನದೊಂದು ಕಟ್ಟಳೆ ಇದೆ. ಅಭ್ಯಾಸದ ಗುಂಡು ಇನ್ನೂರು, ದಿನಾ ಸೊಂಟದಲ್ಲಿ ಇಟ್ಕೊಳ್ಳೋ ಗುಂಡು ಐವತ್ತು — ಒಂದೂ ಸಿಕ್ಕಿಹಾಕಿಕೊಳ್ಳದೆ ಹಾರಬೇಕು. ಅಲ್ಲಿವರೆಗೆ ಅದು ಆಟದ ಸಾಮಾನು, ನಂಬಬೇಡ ಅಂತಾನೆ.

ಪುಟಾಣಿ ಮೂರನೇ ಸುತ್ತಿಗೇ ನಿಂತುಹೋಯ್ತು. ಹಾರಿದ ಗುಂಡಿನ ಖಾಲಿ ಚಿಪ್ಪು ಹೊರಬೀಳೋ ಕಿಂಡಿಯಲ್ಲೇ ನೆಟ್ಟಗೆ ಸಿಕ್ಕಿಕೊಂಡಿತ್ತು. ಬೈದೆ.

"ಅದನ್ಯಾಕೆ ಬೈತೀಯ? ನಿನ್ನ ಮಣಿಕಟ್ಟು ಸಡಿಲ. ಹಿಡಿಯೋನು ಗಟ್ಟಿ ಇಲ್ಲದಿದ್ರೆ ಎಂಥಾದ್ದೂ ಕೈಕೊಡತ್ತೆ."

ಚಪ್ಪಟೆಯದು ಸಲೀಸಾಗಿ ಹಾರಿಸ್ತು. ನೂರರ ಹತ್ರ ಲೆಕ್ಕ ತಪ್ಪಿದೆ. ಡಾಯ್ಲ್ ಎಣಿಸ್ಕೊಂಡ. ಮದ್ದಿನ ವಾಸನೆ, ಬಿಸಿಲು, ದಿಬ್ಬದ ಮೇಲೆ ಹಳದಿ ಚಿಟ್ಟೆ... ಅಷ್ಟು ಸದ್ದಿಗೂ ಅದು ಏಳಲಿಲ್ಲ.

ಸೆಪ್ಟೆಂಬರ್ 20

ಇನ್ನೂರೈವತ್ತೂ ಆಯ್ತು. ಒಂದೂ ತಪ್ಪಿಲ್ಲ. ಕೊಂಡೆ. ಟ್ರಿಗರ್ ಪೂರ್ತಿ ಮುಚ್ಚೋ ಗಟ್ಟಿ ಚೀಲವನ್ನೂ ಕೊಂಡೆ.

ಸೊಂಟದಲ್ಲಿ ಇದೆಯೋ ಇಲ್ಲವೋ ಗೊತ್ತೇ ಆಗಲ್ಲ. ಚರ್ಚಿನಲ್ಲಿ ಎರಡು ಸಲ ಮುಟ್ಟಿ ನೋಡ್ಕೊಂಡೆ. ಓಪಲ್ ಮೊಣಕೈಯಲ್ಲಿ ತಿವಿದಳು. "ಹೊಸ ಹಲ್ಲು ಕಟ್ಟಿಸಿದೋನು ನಾಲಿಗೆ ಆಡಿಸ್ತಾನೇ ಇರ್ತಾನಲ್ಲ, ಹಾಗಾಯ್ತು ನಿಂದು." ಪಾದ್ರಿ ಪ್ರಾರ್ಥನೆ ಹೇಳ್ತಿದ್ದ. ಇಬ್ಬರೂ ನಗು ತಡ್ಕೊಂಡ್ವಿ.

ಅಕ್ಟೋಬರ್ 8

ಬರೀಬಾರದು ಅಂದ್ಕೊಂಡಿದ್ದೆ. ಬರೀತೀನಿ.

ನಳಿಗೆ ತುದಿಯ ಗುರಿಮೊಳೆ ಸ್ವಲ್ಪ ಎಡಕ್ಕಿದೆ ಅಂತ ಡಾಯ್ಲ್‌ಗೆ ತೋರಿಸೋಕೆ ಹೋದೆ. ನಮ್ಮಲ್ಲಿ ಪಿಸ್ತೂಲು ಕೈಗೆ ಕೊಡೋಕೆ ಒಂದು ರೀತಿ ಇದೆ. ಮೊದಲು ಕೆಳಗಿನ, ಗುಂಡು ತುಂಬಿರೋ ಮ್ಯಾಗಜೀನ್ ಕಳಚು. ಆಮೇಲೆ ಮೇಲಿನ ಸ್ಲೈಡ್ ಎಳಿ. ಒಳಗೆ ಖಾಲಿ ಅಂತ ಇಬ್ಬರೂ ನೋಡಿ, ತೆರೆದಿರೋ ಹಾಗೇ ಕೊಡು. ಕೂಸಿಗೂ ಗೊತ್ತು. ನನ್ನ ಮಗಳಿಗೆ ಎಂಟು ವರ್ಷಕ್ಕೇ ಕಲಿಸಿದ್ದೆ.

ನಾನು ಮೊದಲು ಸ್ಲೈಡ್ ಎಳೆದೆ. ಒಳಗಿದ್ದ ಗುಂಡು ಹೊರಗೆ ಬಿತ್ತು. ಜೇಬಿಗೆ ಹಾಕ್ಕೊಂಡೆ, ಆಯ್ತು ಅಂದ್ಕೊಂಡೆ. ಆಮೇಲೆ ಮ್ಯಾಗಜೀನ್ ಕಳಚಿದೆ. ಅಷ್ಟರಲ್ಲಿ ಇನ್ನೊಂದು ಗುಂಡು ಒಳಗೆ ಹೋಗಿ ಕೂತಿತ್ತು. ಮುಚ್ಚಿದ್ದ ಹಾಗೇ ಅವನ ಕೈಗೆ ಕೊಟ್ಟೆ.

ಡಾಯ್ಲ್ ಗೋಡೆ ಕಡೆ ತಿರುಗಿಸಿ ಸ್ಲೈಡ್ ಎಳೆದ. ಗುಂಡು ಗಾಜಿನ ಮೇಲೆ ಟಣ್ ಅಂತ ಬಿದ್ದು ಉರುಳ್ತು... ಉರುಳ್ತಾನೇ ಇತ್ತು.

"ಎಲ್ಡನ್."

ಅಷ್ಟೇ ಅಂದ. ಅಂಗಡಿಯಲ್ಲಿದ್ದ ಇನ್ನಿಬ್ಬರು ಗಾಳದ ಕೊಕ್ಕೆ ನೋಡೋದ್ರಲ್ಲಿ ಮುಳುಗಿಹೋದ್ರು. ಮುಖ ಎಲ್ಲಿಡೋದು ಗೊತ್ತಾಗಲಿಲ್ಲ. ಥೂ ನನ್ನ ಜನ್ಮಕ್ಕೆ.

ಓಪಲ್‌ಗೆ ಹೇಳಿಲ್ಲ.

ಅಕ್ಟೋಬರ್ 17, ಸಂಜೆ ಐದು

ಒಂದೂ ಗೆರೆ ಮೇಲೆ ನಿಲ್ತಿಲ್ಲ. ಅಕ್ಷರ ನೋಡು.

ಊಟ ಆಗಿ ಜಗಲಿ ಕುರ್ಚಿಯಲ್ಲಿ ಕೂತಿದ್ದೆ. ಹಳ್ಳದಿಂದ ಮಂಜು ಮೇಲೆ ಬರ್ತಿತ್ತು, ಬೇಲಿ ಮುಳುಗಿತು, ಸೇಬಿನ ಮರ ಅರ್ಧ ಮುಳುಗಿತು. ನಾನು ಎಲ್ಲೋ ಕಾಡಲ್ಲಿದ್ದೆ, ಯಾರದೋ ಗಡಿ ಹುಡುಕ್ತಾ. ಮರದಡಿಯಿಂದ ಒಬ್ಬ ಹೆಂಗಸು ಬಂದಳು. ಬೂದು ಶಾಲು, ಸೊಂಟದ ಮೇಲೆ ಬೇಸಿನ್. ನನ್ನ ಕಡೆಗೇ ಬರ್ತಿದ್ದಳು. ಯಾರು ಅಂತ ಗೊತ್ತಾಗಲಿಲ್ಲ. ಹೆದರಿಕೆ ಆಯ್ತು, ಮಗುವಿಗೆ ಆಗೋ ಅಂಥ ಹೆದರಿಕೆ.

ಕೈ ತಾನೇ ಸೊಂಟಕ್ಕೆ ಹೋಯ್ತು. ಒಳ್ಳೇ ಪಿಸ್ತೂಲು. ಎಲ್ಲೂ ಸಿಕ್ಕಿಕೊಳ್ಳಲಿಲ್ಲ, ಅಂಗಿಗೂ ತೊಡರಲಿಲ್ಲ. ಗುರಿ ನೇರ ಅವಳ ಎದೆಗೆ.

ಬೇಸಿನ್ ಬಿತ್ತು. ಬೀನ್ಸ್ ಕಾಳೆಲ್ಲ ಹುಲ್ಲಿನ ಮೇಲೆ.

"ಎಲ್ಡನ್, ನಾನು. ಓಪಲ್. ನಾನು ಕಣೋ."

ಆ ದನಿ ಗೊತ್ತು. ಆಮೇಲೆ ಮುಖವೂ ಗೊತ್ತಾಯ್ತು. ದೇವರೇ.

ಬೆರಳು ಟ್ರಿಗರ್ ಮೇಲೆ ಇರಲಿಲ್ಲ. ಇರಲಿಲ್ಲ ಅಂತ ಅಂದ್ಕೊಂಡಿದ್ದೀನಿ. ಆಣೆ ಇಟ್ಟು ಹೇಳೋಕೆ ಆಗಲ್ಲ.

ಅವಳು ಕೂತು ಕಾಳು ಆರಿಸೋಕೆ ಶುರು ಮಾಡಿದಳು, ಒಂದೊಂದಾಗಿ. ನಾನೂ ಪಕ್ಕದಲ್ಲಿ ಮಂಡಿಯೂರಿ ಆರಿಸಿದೆ. ಬೈದಿದ್ರೆ ಎಷ್ಟೋ ಚೆನ್ನಾಗಿತ್ತು. "ಮೆಕ್ಕೆಜೋಳದ ರೊಟ್ಟಿ ಒಲೇಲಿದೆ, ಸೀದುಹೋದೀತು," ಅಂದಳು ಅಷ್ಟೇ.

ಅಕ್ಟೋಬರ್ 18

ಓಪಲ್ ಟ್ರಕ್ ಓಡಿಸಿದಳು. ಡಾಯ್ಲ್ ಒಬ್ಬನೇ ಇದ್ದ.

ಬಾಯಲ್ಲಿ ಹೇಳ್ಕೊಳ್ತಾ ಮಾಡಿದೆ. ಮೊದಲು ಮ್ಯಾಗಜೀನ್. ಆಮೇಲೆ ಸ್ಲೈಡ್. ಖಾಲಿ — ನೋಡು, ಖಾಲಿ. ಕೌಂಟರ್ ಮೇಲಿಟ್ಟೆ. ಮನೇಲಿದ್ದ ಹಳೇದನ್ನೂ ಇಟ್ಟೆ. "ಇಟ್ಕೋ."

ಯಾಕೆ ಅಂತ ಅವನು ಕೇಳಲಿಲ್ಲ. ನಮ್ಮಲ್ಲಿ ಕೇಳೋ ಪದ್ಧತಿ ಇಲ್ಲ. ಅವನ ಹೆಂಡತಿ ತೀರಿಕೊಂಡ ವರ್ಷ ಅವನು ತನ್ನ ಮನೇಲಿದ್ದ ಬಂದೂಕನ್ನೆಲ್ಲ ಕಂಬಳಿಯಲ್ಲಿ ಸುತ್ತಿ ತಂದಿದ್ದ. ಎಂಟು ತಿಂಗಳು ನಮ್ಮ ಕಪಾಟಲ್ಲಿತ್ತು. ನಾನೂ ಕೇಳಿರಲಿಲ್ಲ.

"ಎಷ್ಟು ದಿನ?"

"ವಾಪಸ್ ಬೇಡ."

"ಹಾಗಾದ್ರೆ ಬರೆದುಕೊಡು. ನಾಳೆ ನೀನೇ ಬಂದು ನನ್ನ ಜುಟ್ಟು ಹಿಡಿದ್ರೆ?"

"ನಿನ್ನ ತಲೇಲಿ ಜುಟ್ಟೆಲ್ಲಿದೆಯೋ ಬೋಳ?"

ನಕ್ಕ. ಮುಖ ತಿರುಗಿಸಿ ಬಹಳ ಹೊತ್ತು ಪೇಪರ್ ಹುಡುಕಿದ. ಎದುರಿಗೇ ಇತ್ತು.

ಬರೆದುಕೊಟ್ಟೆ. ಹೊರಗೆ ಬಂದರೆ ಮೈ ಹಗುರ. ಹಾರಿಹೋಗ್ತೀನೇನೋ ಅನ್ನೋ ಅಷ್ಟು.

ನವೆಂಬರ್ 2

ಪಿಸ್ತೂಲು ಕಾಣ್ತಿಲ್ಲ. ಡ್ರಾಯರ್, ಟ್ರಕ್, ಹಿಟ್ಟಿನ ಡಬ್ಬ ಎಲ್ಲಾ ನೋಡಾಯ್ತು. ಯಾರೋ ಎಗರಿಸಿದ್ದಾರೆ. ಓಪಲ್ ಹಿಂದೆಹಿಂದೆ ಬಂದು ಡ್ರಾಯರ್ ಮುಚ್ತಿದ್ದಾಳೆ.

ನವೆಂಬರ್ 23

ಡಾಯ್ಲ್ ಅಂಗಡಿಯಿಂದ ವಾಪಸ್. ಓಪಲ್ ಟ್ರಕ್ ಓಡಿಸ್ತಿದ್ದಾಳೆ, ನಾನು ಪಕ್ಕದಲ್ಲಿ ಕೂತು ಬರೀತಿದ್ದೀನಿ, ಅಕ್ಷರ ಕುಣೀತಿವೆ.

ಕೂಗಾಡಿದೆ. ನನ್ನ ಸಾಮಾನು ನೀನೇ ಇಟ್ಕೊಂಡಿದ್ದೀಯಂತೆ, ಕಳ್ಳ, ಬೋಳಿಮಗನೆ ಅಂದೆ. ಅವನು ಕಾಫಿ ಬಗ್ಗಿಸಿ, ಗಲ್ಲಾಪೆಟ್ಟಿಗೆ ಕೆಳಗಿಂದ ಒಂದು ಕಾಗದ ತೆಗೆದಿಟ್ಟ. ಮಡಿಕೆ ಹರಿದು ಟೇಪ್ ಹಚ್ಚಿತ್ತು.

'ನನಗೆ ವಾಪಸ್ ಕೊಡಬೇಡ. ಬೈದರೂ ಕೊಡಬೇಡ. ಅತ್ತರೂ ಕೊಡಬೇಡ. — ಎಲ್ಡನ್.'

ನಕಾಶೆ ಮೇಲೆ ಬರೆಯೋ ನನ್ನ ನೆಟ್ಟನೆಯ ಅಕ್ಷರ. ಬೇರೆ ಯಾರೂ ಹಾಗೆ ಬರೆಯಲ್ಲ.

"ಎಷ್ಟು ಸಲ ತೋರಿಸಿದ್ದೀಯ ಇದನ್ನ?"

"ನೀನು ಬಂದಾಗಲೆಲ್ಲ ಕಾಸಿ ಕಾಸಿ ಕಾಫಿಪುಡಿ ಎರಡನೇ ಡಬ್ಬ ಮುಗೀತಾ ಬಂತು," ಅಂದ. "ಬಾ, ಬರ್ತಾ ಇರು. ಬೈಗುಳ ಮಾತ್ರ ಹೊಸದು ಕಲ್ತ್ಕೊಂಡು ಬಾ."

ಕ್ಷಮಿಸು ಅಂದೆ. ಬೆನ್ನು ತಟ್ಟಿದ.

ಮರೆಯೋ ಮೊದಲು ಬರೆದಿಡ್ತೀನಿ. ಪಿಸ್ತೂಲು ಡಾಯ್ಲ್ ಹತ್ರ ಇದೆ. ಕಳವಾಗಿಲ್ಲ. ಯಾರೂ ಕಿತ್ಕೊಂಡಿಲ್ಲ. ನಾನೇ ಕೊಟ್ಟದ್ದು. ಯಾಕೆ ಕೊಟ್ಟೆ? ಅದನ್ನ ಕಾಗದದಲ್ಲಿ ಬರೆದಿಲ್ಲ. ಓಪಲ್‌ನ ಕೇಳಿದೆ.

ರಸ್ತೆ ಮೇಲಿಂದ ಕಣ್ಣು ತೆಗೀದೆ ಅಂದಳು, "ನನ್ನ ಮೇಲಿನ ಪ್ರೀತಿಗೆ."

ಇದೆಂಥಾ ಉತ್ತರ! ಪಿಸ್ತೂಲಿಗೂ ಪ್ರೀತಿಗೂ ಏನು ಸಂಬಂಧ? ಮತ್ತೆ ಕೇಳೋಣ ಅಂದ್ರೆ ಟ್ರಕ್ ಪಕ್ಕಕ್ಕೆ ಹಾಕಿದಳು. ಕನ್ನಡಕ ತೆಗೆದು ಒರೆಸ್ತಿದ್ದಾಳೆ, ಒರೆಸ್ತಾನೇ ಇದ್ದಾಳೆ. ಹೊರಗೆ ಮಂಜಿಗೆ ಗುಡ್ಡ ಎಲ್ಲಾ ಬಿಳಿ, ರಸ್ತೆಯ ಗೆರೆಯೂ ಕಾಣ್ತಿಲ್ಲ.

ಇರಲಿ. ಅವಳು ಹೇಳಿದ್ದನ್ನೇ ಬರ್ಕೊಂಡೆ — ಓಪಲ್ ಮೇಲಿನ ಪ್ರೀತಿಗೆ ಕೊಟ್ಟದ್ದು. ಇನ್ನೊಂದ್ಸಲ ನಾನು ಹುಡುಕೋಕೆ ಶುರು ಮಾಡಿದ್ರೆ ಈ ಪುಟ ತೆಗೆದು ನನ್ನ ಕೈಗೆ ಕೊಡು ಅಂತ ಅವಳಿಗೆ ಹೇಳ್ತಿದ್ದೀನಿ, ಅವಳು ನನ್ನ ಎಡಗೈ ಹಿಡ್ಕೊಂಡಿದ್ದಾಳೆ, ಬಿಡ್ತಾನೇ ಇಲ್ಲ.